ಗೆಳೆಯನ ಮನೆಯವರನ್ನು ಯುದ್ಧದಿಂದ ಹೊರತರಲು ಹಣ ಕೂಡಿಸುವುದು ಹೇಗೆ

ದಾವಣಗೆರೆಯಲ್ಲಿ ನಮ್ಮ ಜೊತೆ ಓದಿದ ಸುಡಾನ್ ಗೆಳೆಯನ ಅಮ್ಮ, ತಂಗಿ ಖಾರ್ಟೂಮ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರು. 2023ರ ಏಪ್ರಿಲ್ 15ಕ್ಕೆ ಅಲ್ಲಿ ಯುದ್ಧ ಶುರುವಾಯಿತು. ಭಾರತೀಯರನ್ನು ಆಪರೇಷನ್ ಕಾವೇರಿಯಲ್ಲಿ ಕರೆತಂದರು, ನಮ್ಮ ಹಕ್ಕಿಪಿಕ್ಕಿ ಜನರನ್ನೂ. ಅಲ್ಲಿಯವರಿಗೆ ಅಂಥ ವಿಮಾನ ಎಲ್ಲಿಂದ ಬರಬೇಕು? ನಾವೇ ದುಡ್ಡು ಎತ್ತಿದೆವು.

ಮೊದಲು ಮನೆಯವರನ್ನೇ ಕೇಳಿ: ಎಲ್ಲಿಗೆ ಹೋಗ್ತೀರಿ, ಎಲ್ಲರಿಗೂ ಪಾಸ್‌ಪೋರ್ಟ್ ಇದೆಯಾ? ಪಕ್ಕದ ಈಜಿಪ್ಟ್ 2023ರ ಜೂನ್‌ನಿಂದ ಸುಡಾನಿನ ಎಲ್ಲರಿಗೂ ವೀಸಾ ಕಡ್ಡಾಯ ಮಾಡಿತು. ಬಸ್, ವೀಸಾ, ಬಾಡಿಗೆ, ಔಷಧಿ ಅಂತ ಬೇರೆ ಬೇರೆ ಬರೆಯಿರಿ. ಸುಮ್ನೆ "ಸಹಾಯ ಮಾಡಿ" ಅಂದರೆ ಜನ ನೂರು ರೂಪಾಯಿ ಕೊಡ್ತಾರೆ. "ತಂಗಿಯ ಬಸ್ ಟಿಕೆಟ್ ಬಾಕಿ ಇದೆ" ಅಂದರೆ ಟಿಕೆಟ್ಟನ್ನೇ ಕೊಡಿಸ್ತಾರೆ.

ಚೌಕಿಪೇಟೆಯ ಅಂಗಡಿಗಳಿಗೆ ಬೋಣಿಗೆ ಮುಂಚೆ ಹೋಗಬೇಡಿ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಹೋಗಿ, ನೋಟ್‌ಬುಕ್ ಮುಂದಿಡಿ. "ಅಣ್ಣಾ, ನೀವೇ ಬರೀರಿ" ಅನ್ನಿ. ಮೇಲಿನ ಸಾಲಿನಲ್ಲಿ ಪಕ್ಕದ ಅಂಗಡಿಯವರ ಹೆಸರು ಕಂಡರೆ ಕೈ ತಾನಾಗೇ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ.

ಕುಟುಂಬದ ಫೋಟೋ, ಹೋಗುವ ದಾರಿ, ದಿನ ಯಾವುದನ್ನೂ ವಾಟ್ಸಾಪ್‌ಗೆ ಹಾಕಬೇಡಿ. ದಯವಿಟ್ಟು. ದಾರಿಯಲ್ಲಿ ಅಡ್ಡಗಟ್ಟುವವರ ಕೈಗೂ ಅದು ಸಿಗಬಹುದು ಅಲ್ವಾ?

ಹವಾಲಾ ಬೇಡವೇ ಬೇಡ, ಅದು ಕಾನೂನುಬಾಹಿರ. ಪ್ಯಾನ್ ಕಾರ್ಡ್, ಕೊಟ್ಟವರ ಪಟ್ಟಿ ಹಿಡಿದು ವಿದೇಶಿ ವ್ಯವಹಾರ ನೋಡುವ ಬ್ಯಾಂಕ್ ಶಾಖೆಗೆ ಹೋಗಿ. ನಮ್ಮಂಥ ವ್ಯಕ್ತಿಗಳು ವಿದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಉಡುಗೊರೆಯಾಗಿ ಹಣ ಕಳಿಸಲು ಅವಕಾಶವಿದೆ. ಹಲವರಿಂದ ಎತ್ತಿದ ದುಡ್ಡು ಅಂತ ಮೊದಲೇ ಹೇಳಿ, ಅವರು ಹೇಳಿದಂತೆ ಮಾಡಿ. ಯುದ್ಧದ ಊರಿನ ಖಾತೆಗಿಂತ ಈಜಿಪ್ಟಿನ ಕೈರೋದಲ್ಲಿರುವ ನೆಂಟರ ಖಾತೆ ವಾಸಿ. ಎಲ್ಲವನ್ನೂ ಒಂದೇ ಸಲ ಕಳಿಸಬೇಡಿ. ಮೊದಲು ಬಸ್ಸಿನದು, ಗಡಿ ದಾಟಿದ ಫೋನ್ ಬಂದ ಮೇಲೆ ಬಾಡಿಗೆಯದು.