ರಾಬರ್ಟ್ ಟ್ಯಾಫ್ಟ್ ಬಗ್ಗೆ ಕನ್ನಡದಲ್ಲಿ ಬರೆದದ್ದು ಹೇಗೆ: ನನ್ನ ಅನುಭವ

ಅಮೆರಿಕದ ಜನಪ್ರತಿನಿಧಿಯೊಬ್ಬರ ಬದುಕನ್ನು ಬರೆಯುವಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ಅವರು ಹಾಕಿದ ಮತಗಳನ್ನು. ಭಾಷಣ, ಬಿರುದು, ಹೊಗಳಿಕೆ, ತೆಗಳಿಕೆ ಎಲ್ಲ ಆಮೇಲೆ. ಓಹಾಯೊದ ಸೆನೆಟರ್ ರಾಬರ್ಟ್ ಎ. ಟ್ಯಾಫ್ಟ್ ವಿಷಯದಲ್ಲಿ ಈ ಕ್ರಮ ಬಿಟ್ಟರೆ ಬರಹ ಖಂಡಿತ ದಾರಿ ತಪ್ಪುತ್ತದೆ. ‘ಮಿಸ್ಟರ್ ರಿಪಬ್ಲಿಕನ್’ ಎಂಬ ಹೆಸರು ಅವರಿಗೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ ಎಂದರೆ, ಅದನ್ನೇ ಮೊದಲ ಸಾಲಿನಲ್ಲಿ ಇಟ್ಟವರು ಮುಂದೆಲ್ಲ ಅದಕ್ಕೆ ಒಪ್ಪುವ ಸಂಗತಿಗಳನ್ನಷ್ಟೇ ಆರಿಸುತ್ತಾ ಹೋಗುತ್ತಾರೆ.

ಮೊದಲ ಹಂತ ಕಾಲಸೂಚಿ. ಒಂದು ಹಾಳೆಯಲ್ಲಿ ಮೂರು ಕಾಲಂ: ವರ್ಷ, ಹುದ್ದೆ, ಎಷ್ಟನೇ ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತು; ಅದರ ಪ್ರತಿ ಎರಡು ವರ್ಷದ ಅವಧಿಗೂ ಒಂದು ಸಂಖ್ಯೆ). ಮೂರನೆಯದಕ್ಕೆ ಸುಲಭದ ಲೆಕ್ಕವಿದೆ. ಕಾಂಗ್ರೆಸ್ ಶುರುವಾದ ವರ್ಷದಿಂದ 1787 ಕಳೆದು ಎರಡರಿಂದ ಭಾಗಿಸಿದರೆ ಸಾಕು. 1939 ಅಂದರೆ 76, 1947 ಅಂದರೆ 80, 1953 ಅಂದರೆ 83. ಅವಧಿ ಶುರುವಾಗುವ ದಿನ ಹಿಂದೆ ಮಾರ್ಚ್ 4 ಇತ್ತು, 1933ರ ತಿದ್ದುಪಡಿಯ ನಂತರ ಅದು ಜನವರಿ 3 ಆಯಿತು. ಟ್ಯಾಫ್ಟ್ ಗೆದ್ದದ್ದು 1938ರ ನವೆಂಬರ್‌ನಲ್ಲಿ, ಸೆನೆಟ್ಟಿಗೆ ಕಾಲಿಟ್ಟದ್ದು 1939ರ ಜನವರಿಯಲ್ಲಿ. ಎರಡನ್ನೂ ಬರೆದಿಟ್ಟುಕೊಳ್ಳದಿದ್ದರೆ ಒಂದೇ ಲೇಖನದಲ್ಲಿ ಎರಡು ವರ್ಷಗಳು ಓಡಾಡುತ್ತವೆ.

ಈ ಮನೆತನದಲ್ಲಿ ಹೆಸರಿನ ಗೊಂದಲವೂ ದೊಡ್ಡದು. ತಂದೆ ವಿಲಿಯಂ ಹೊವಾರ್ಡ್ ಟ್ಯಾಫ್ಟ್ 1909ರಿಂದ 1913ರವರೆಗೆ ಅಧ್ಯಕ್ಷರು, ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಮಗ ರಾಬರ್ಟ್ ಟ್ಯಾಫ್ಟ್ ಜೂನಿಯರ್ ಕೂಡ 1970ರ ದಶಕದಲ್ಲಿ ಓಹಾಯೊದ ಸೆನೆಟರ್. ಮೊಮ್ಮಗ ಬಾಬ್ ಟ್ಯಾಫ್ಟ್ 1999ರಿಂದ 2007ರವರೆಗೆ ಅದೇ ರಾಜ್ಯದ ಗವರ್ನರ್. ಟ್ಯಾಫ್ಟ್ ತೀರಿಕೊಂಡ 1953ರ ನಂತರದ ಯಾವುದೇ ಮತ ‘ಸೆನೆಟರ್ ರಾಬರ್ಟ್ ಟ್ಯಾಫ್ಟ್’ ಹೆಸರಿನಲ್ಲಿ ಸಿಕ್ಕರೆ ಅದು ಮಗನದು. ಇನ್ನೊಂದು ಎಡವಟ್ಟು ರಾಜ್ಯ ಮತ್ತು ಒಕ್ಕೂಟದ ಮಟ್ಟವನ್ನು ಬೆರೆಸುವುದು. 1921ರಿಂದ 1931ರವರೆಗೆ ಟ್ಯಾಫ್ಟ್ ಇದ್ದದ್ದು ಓಹಾಯೊ ರಾಜ್ಯದ ಪ್ರತಿನಿಧಿ ಸಭೆಯಲ್ಲಿ. 1926ರಲ್ಲಿ ಅವರು ಸ್ಪೀಕರ್ ಆದದ್ದೂ ಅಲ್ಲೇ, ವಾಷಿಂಗ್ಟನ್ನಿನಲ್ಲಲ್ಲ.

ಕನ್ನಡಕ್ಕೆ ಬಂದರೆ ಪದಗಳದ್ದೇ ಅರ್ಧ ಕೆಲಸ. ‘ಕಾಂಗ್ರೆಸ್ ಟ್ಯಾಫ್ಟ್ ಅವರನ್ನು ಬೆಂಬಲಿಸಿತು’ ಎಂದು ಬರೆದರೆ ನಮ್ಮ ಓದುಗರ ಕಣ್ಣ ಮುಂದೆ ಬರುವುದು ಒಂದು ಪಕ್ಷ. ಆದ್ದರಿಂದ ಮೊದಲ ಸಲ ‘ಅಮೆರಿಕದ ಸಂಸತ್ತಾದ ಕಾಂಗ್ರೆಸ್’ ಎಂದು ಬಿಡಿಸಿ, ಆಮೇಲೆ ಆದಷ್ಟೂ ‘ಸೆನೆಟ್’, ‘ಪ್ರತಿನಿಧಿ ಸಭೆ’ ಎಂದೇ ಬಳಸುತ್ತೇನೆ. ‘ಶಾಸಕ’ ಎಂದರೆ ನಮಗೆ ವಿಧಾನಸಭೆಯ ಸದಸ್ಯ. ಆ ಪದವನ್ನು ಓಹಾಯೊದ ದಿನಗಳಿಗೆ ಮಾತ್ರ ಮೀಸಲಿಟ್ಟಿದ್ದೇನೆ. ‘ಸಂಪ್ರದಾಯವಾದಿ’ ಇನ್ನೂ ಕಷ್ಟದ್ದು. ಕನ್ನಡದಲ್ಲಿ ಅದಕ್ಕೆ ಮಡಿ, ಆಚಾರ, ಹಳೇ ನಂಬಿಕೆಗಳ ವಾಸನೆಯಿದೆ. ಟ್ಯಾಫ್ಟ್ ಕಾಲದ ರಿಪಬ್ಲಿಕನ್ ಸಂಪ್ರದಾಯವಾದ ಎಂದರೆ ಕೇಂದ್ರ ಸರ್ಕಾರದ ಅಧಿಕಾರಕ್ಕೆ ಕಡಿವಾಣ, ಆದಾಯ ಮೀರದ ಖರ್ಚು, ರಾಜ್ಯಗಳ ಕೈಗೆ ಹೆಚ್ಚು ಅಧಿಕಾರ, ಅಧ್ಯಕ್ಷ ರೂಸ್‌ವೆಲ್ಟ್ 1930ರ ದಶಕದಲ್ಲಿ ತಂದ ‘ನ್ಯೂ ಡೀಲ್’ ಎಂಬ ಸರ್ಕಾರಿ ಯೋಜನೆಗಳ ಬಗ್ಗೆ ಅಪನಂಬಿಕೆ, ವಿದೇಶದ ಯುದ್ಧಗಳಿಂದ ದೂರ. ಇದನ್ನು ಎರಡು ವಾಕ್ಯದಲ್ಲಿ ಮೊದಲೇ ಹೇಳಿಬಿಡಬೇಕು.

ಇನ್ನು ಮತಗಳು. ಟ್ಯಾಫ್ಟ್ ಹೆಸರು ಇವತ್ತಿಗೂ ಚಲಾವಣೆಯಲ್ಲಿರುವುದು 1947ರ ಟ್ಯಾಫ್ಟ್–ಹಾರ್ಟ್ಲಿ ಎಂಬ ಕಾರ್ಮಿಕ ಕಾಯ್ದೆಯಿಂದ. ಇದಕ್ಕೆ ನಾನು ಅತಿ ಹೆಚ್ಚು ಜಾಗ ಕೊಟ್ಟೆ. 1935ರ ವ್ಯಾಗ್ನರ್ ಕಾಯ್ದೆ ಮಾಲೀಕರು ಏನೇನು ಮಾಡಬಾರದು ಎಂದು ಪಟ್ಟಿ ಮಾಡಿತ್ತು. ಟ್ಯಾಫ್ಟ್–ಹಾರ್ಟ್ಲಿ ಕಾರ್ಮಿಕ ಸಂಘಗಳು ಏನು ಮಾಡಬಾರದು ಎಂಬ ಪಟ್ಟಿಯನ್ನು ಸೇರಿಸಿತು. ಸಂಘದ ಸದಸ್ಯರಾಗಿದ್ದವರಿಗೆ ಮಾತ್ರ ಕೆಲಸ ಎಂಬ ‘ಕ್ಲೋಸ್ಡ್ ಶಾಪ್’ ನಿಷೇಧವಾಯಿತು. ಕೆಲಸಕ್ಕೆ ಸೇರಿ 30 ದಿನದ ನಂತರ ಸಂಘಕ್ಕೆ ಸೇರಬೇಕೆಂಬ ‘ಯೂನಿಯನ್ ಶಾಪ್’ ಉಳಿಯಿತು, ಆದರೆ 14(ಬಿ) ಕಲಮಿನ ಪ್ರಕಾರ ರಾಜ್ಯಗಳು ಅದನ್ನೂ ನಿಷೇಧಿಸಬಹುದು. ದೇಶದ ಆರೋಗ್ಯ ಅಥವಾ ಸುರಕ್ಷತೆಗೆ ಧಕ್ಕೆ ತರುವ ಮುಷ್ಕರವನ್ನು ಕೋರ್ಟಿನ ಮೂಲಕ 80 ದಿನ ತಡೆಹಿಡಿಯುವ ದಾರಿ ಅಧ್ಯಕ್ಷರಿಗೆ ಸಿಕ್ಕಿತು. ಕ್ಲೋಸ್ಡ್ ಶಾಪ್, ಯೂನಿಯನ್ ಶಾಪ್ ಎರಡನ್ನೂ ಒಂದೇ ಎಂದುಕೊಂಡರೆ ಕಾಯ್ದೆಯ ಅರ್ಥವೇ ತಲೆಕೆಳಗಾಗುತ್ತದೆ. ನಾನು ನೋಡಿರುವ ತಪ್ಪುಗಳಲ್ಲಿ ಇದೇ ಹೆಚ್ಚು.

ಅಧ್ಯಕ್ಷ ಟ್ರೂಮನ್ ಈ ಮಸೂದೆಯನ್ನು 1947ರ ಜೂನ್ 20ರಂದು ವೀಟೋ ಮಾಡಿದರು, ಅಂದರೆ ಸಹಿ ಹಾಕದೆ ತಿರಸ್ಕರಿಸಿದರು. ವೀಟೋ ಆದ ಮಸೂದೆ ಮೊದಲು ಹುಟ್ಟಿದ ಸದನಕ್ಕೇ ವಾಪಸ್ ಹೋಗುತ್ತದೆ. ಇದು ಎಚ್.ಆರ್. 3020, ಅಂದರೆ ಪ್ರತಿನಿಧಿ ಸಭೆಯದು. ಆ ಸಭೆ ಅದೇ ದಿನ 331–83ರಿಂದ ವೀಟೋ ತಳ್ಳಿಹಾಕಿತು. ಸೆನೆಟ್ ಜೂನ್ 23ರಂದು 68–25. ಇಂಥ ಕಡೆ ಅಂಕಿಯನ್ನು ನಕಲು ಮಾಡಿ ಮುಂದೆ ಹೋಗಬಾರದು, ಲೆಕ್ಕ ಹಾಕಿ ನೋಡಬೇಕು. ಮತ ಹಾಕಿದವರ ಮೂರನೇ ಎರಡು ಭಾಗ ಬೇಕು: 414ರಲ್ಲಿ 276, 93ರಲ್ಲಿ 62. ಆಗ ರಾಜ್ಯಗಳು 48, ಸೆನೆಟರುಗಳು 96. ಇಂದಿನ 100 ಎಂದುಕೊಂಡು ಮೂರನೇ ಎರಡು ಭಾಗ ಲೆಕ್ಕ ಹಾಕಿದರೆ 67 ಬೇಕಿತ್ತು, ಒಂದೇ ಮತದ ಅಂತರದಲ್ಲಿ ಗೆದ್ದರು ಎಂದು ತಪ್ಪು ಕಥೆ ಹುಟ್ಟಿಕೊಳ್ಳುತ್ತದೆ. ನಿಜಕ್ಕೂ ಆರು ಮತ ಹೆಚ್ಚೇ ಇದ್ದವು.

ಆ 331ರಲ್ಲಿ 106, ಆ 68ರಲ್ಲಿ 20 ಮತಗಳು ಟ್ರೂಮನ್ ಅವರದೇ ಡೆಮಾಕ್ರಟಿಕ್ ಪಕ್ಷದವರದು. ವಿಪ್ ಉಲ್ಲಂಘಿಸಿದರೆ ಸದಸ್ಯತ್ವವೇ ಹೋಗುವ, 1985ರ ನಂತರದ ನಮ್ಮ ಪಕ್ಷಾಂತರ ನಿಷೇಧ ಕಾಯ್ದೆಗೆ ಒಗ್ಗಿದ ಓದುಗರಿಗೆ ಇದು ಬಂಡಾಯದಂತೆ ಕಾಣುತ್ತದೆ. ಅಲ್ಲಿ ಅಂಥ ಕಾನೂನಿಲ್ಲ ಎಂಬ ಒಂದು ಸಾಲು ಬೇಕೇ ಬೇಕು.

ಇಷ್ಟಕ್ಕೇ ನಿಲ್ಲಿಸಿದರೆ ಟ್ಯಾಫ್ಟ್ ಕಾರ್ಮಿಕರ ವಿರೋಧಿ ಎಂಬ ಒಂದೇ ಚಿತ್ರ ಉಳಿಯುತ್ತದೆ. ಒಂದು ವರ್ಷ ಹಿಂದಕ್ಕೆ ಹೋಗಬೇಕು. 1946ರ ಮೇ 25ರಂದು, ರೈಲ್ವೆ ಮುಷ್ಕರದ ಬಿಸಿಯಲ್ಲಿ, ಮುಷ್ಕರ ಹೂಡಿದವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವ ಅಧಿಕಾರ ಕೊಡಿ ಎಂದು ಟ್ರೂಮನ್ ಕೇಳಿದರು. ಪ್ರತಿನಿಧಿ ಸಭೆ 306–13ರಿಂದ ಒಪ್ಪಿತು. ಸೆನೆಟ್ಟಿನಲ್ಲಿ ಅಡ್ಡ ನಿಂತವರಲ್ಲಿ ಟ್ಯಾಫ್ಟ್ ಪ್ರಮುಖರು. ಸರ್ಕಾರ ಪ್ರಜೆಯನ್ನು ಬಲವಂತದಿಂದ ದುಡಿಸಬಾರದು ಎಂಬ ನಿಲುವು ಅದು. 1946 ಮತ್ತು 1947ನ್ನು ಅಕ್ಕಪಕ್ಕ ಇಟ್ಟಾಗಲೇ ಈ ಮನುಷ್ಯ ಅರ್ಥವಾಗುವುದು. ಹಾಗೆಯೇ 1949ರ ಜುಲೈ. ಡೆಮಾಕ್ರಟರಾದ ವ್ಯಾಗ್ನರ್, ಎಲೆಂಡರ್ ಜೊತೆ ವರ್ಷಗಟ್ಟಲೆ ದುಡಿದ ವಸತಿ ಯೋಜನೆ ಜುಲೈ 15ರಂದು ಕಾಯ್ದೆಯಾಯಿತು: ಆರು ವರ್ಷದಲ್ಲಿ 8,10,000 ಸರ್ಕಾರಿ ಮನೆಗಳ ಗುರಿ. ಆರೇ ದಿನಗಳ ನಂತರ, ಜುಲೈ 21ರಂದು ನೇಟೋ ಸೇನಾ ಮೈತ್ರಿಯ ಒಪ್ಪಂದ 82–13ರಿಂದ ಅಂಗೀಕಾರವಾದಾಗ ಟ್ಯಾಫ್ಟ್ ಆ 13ರಲ್ಲಿ ಒಬ್ಬರು.

ದಾಖಲೆ ಹೇಳದ್ದನ್ನು ಹೇಳುವ ಆಸೆಯೂ ಬರುತ್ತದೆ, ಅದನ್ನು ಹತ್ತಿಕ್ಕಬೇಕು. 1942ರ ಮಾರ್ಚ್‌ನಲ್ಲಿ, ಜಪಾನಿ ಮೂಲದವರನ್ನು ತೆರವುಗೊಳಿಸುವ ಸೇನಾ ಆದೇಶ ಮೀರಿದವರಿಗೆ ಶಿಕ್ಷೆ ವಿಧಿಸುವ ಮಸೂದೆ ಬಂದಾಗ, ಅದರ ಭಾಷೆ ಅಸ್ಪಷ್ಟವಾಗಿದೆ ಎಂದು ಟ್ಯಾಫ್ಟ್ ಸೆನೆಟ್ಟಿನಲ್ಲಿ ಟೀಕಿಸಿದರು. ಆದರೆ ಮಸೂದೆ ಧ್ವನಿಮತದಿಂದ ಪಾಸಾಯಿತು. ಧ್ವನಿಮತದಲ್ಲಿ ಯಾರ ಹೆಸರೂ ದಾಖಲಾಗುವುದಿಲ್ಲ. ‘ವಿರುದ್ಧ ಮತ ಹಾಕಿದರು’ ಎಂದು ಬರೆಯಲು ಆಧಾರವೇ ಇಲ್ಲ. ‘ಟೀಕಿಸಿದರು’ ಎಂಬಲ್ಲಿಗೆ ಪೆನ್ನು ನಿಲ್ಲಬೇಕು.

ಸದನದ ನಡಾವಳಿಯಾದ ಕಾಂಗ್ರೆಷನಲ್ ರೆಕಾರ್ಡ್ ಓದುವವರಿಗೆ ಎರಡು ಎಚ್ಚರಿಕೆ. ದಿನದ ಸಂಚಿಕೆಗೂ ಬೈಂಡ್ ಮಾಡಿದ ಸಂಪುಟಕ್ಕೂ ಪುಟಸಂಖ್ಯೆ ಬೇರೆ, ಹಾಗಾಗಿ ಪುಟದ ಜೊತೆ ತಾರೀಖನ್ನೂ ಬರೆದುಕೊಳ್ಳಿ. ಸದನದಲ್ಲಿ ಆಡದ ಮಾತುಗಳನ್ನೂ ಸದಸ್ಯರು ಆಮೇಲೆ ಸೇರಿಸಲು ಅವಕಾಶವಿದೆ, ಆದ್ದರಿಂದ ‘ಎದ್ದು ನಿಂತು ಹೇಳಿದರು’ ಎಂದು ಬರೆಯುವ ಮುನ್ನ ಎರಡು ಸಲ ನೋಡಿ.

ಅಧ್ಯಕ್ಷ ಹುದ್ದೆಯ ಪ್ರಯತ್ನಗಳನ್ನು ಚುಟುಕಾಗಿ ಮುಗಿಸಿದೆ. 1940ರಲ್ಲಿ ವಿಲ್ಕಿ, 1948ರಲ್ಲಿ ಡ್ಯೂಯಿ, 1952ರಲ್ಲಿ ಐಸೆನ್‌ಹೋವರ್ ಪಕ್ಷದ ಟಿಕೆಟ್ ಪಡೆದರು. 1952ರ ಷಿಕಾಗೊ ಸಮಾವೇಶದಲ್ಲಿ ಐಸೆನ್‌ಹೋವರ್ ಮತ್ತು ಟ್ಯಾಫ್ಟ್ ಪಡೆದ ಮತಗಳ ಅಂಕಿ ಒಂದು ಕಡೆ 595–500, ಇನ್ನೊಂದು ಕಡೆ 845–280 ಎಂದು ಸಿಗುತ್ತದೆ. ಎರಡೂ ಸರಿ. ಮೊದಲನೆಯದು ಎಣಿಕೆ ಮುಗಿದಾಗಿನದು, ಎರಡನೆಯದು ರಾಜ್ಯಗಳು ಮತ ಬದಲಿಸಿದ ನಂತರದ್ದು. ಯಾವುದು ಯಾವ ಗಳಿಗೆಯದು ಎಂದು ಬರೆದರೆ ಸಾಕು.

1953ರ ಜನವರಿಯಲ್ಲಿ ಟ್ಯಾಫ್ಟ್ ಸೆನೆಟ್ಟಿನ ಬಹುಮತ ಪಕ್ಷದ ನಾಯಕರಾದರು. ವಸಂತದಲ್ಲಿ ಸೊಂಟದ ನೋವು ಕಾಣಿಸಿಕೊಂಡಿತು, ಅದು ಕ್ಯಾನ್ಸರ್. ಜೂನ್‌ನಲ್ಲಿ ಹೊಣೆಯನ್ನು ವಿಲಿಯಂ ನೋಲ್ಯಾಂಡ್ ಅವರಿಗೆ ವಹಿಸಿ, ಜುಲೈ 31ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಹುಟ್ಟಿದ್ದು 1889ರ ಸೆಪ್ಟೆಂಬರ್ 8. ವರ್ಷಕ್ಕೆ ವರ್ಷ ಕಳೆದು 64 ಎಂದು ಬರೆಯಬೇಡಿ, ಅವರಿಗೆ ಆಗ 63.