ಡ್ರಮ್ಮಿಲ್ಲದ ಜಾಝಿಗೆ ಬಲಗೈಯೇ ಡ್ರಮ್ಮು

ಜ್ಯಾಂಗೋ ರೈನ್‌ಹಾರ್ಟ್ ಎಂಬ ಫ್ರೆಂಚ್ ಜಾಝ್ ಗಿಟಾರ್ ವಾದಕನ ಹುಚ್ಚು ಹತ್ತಿಸಿಕೊಂಡವರು ಮೊದಲು ಮಾಡುವ ತಪ್ಪನ್ನೇ ನಾನೂ ಮಾಡಿದೆ. ಗಿಟಾರ್ ಎತ್ತಿಕೊಂಡು ಸೀದಾ ಅವನ ಸೋಲೋಗೇ ಕೈ ಹಾಕಿದೆ. ಆರು ತಿಂಗಳು ಒಂದೊಂದೇ ಸ್ವರ ಹೆಕ್ಕಿ ಬಾಯಿಪಾಠ ಮಾಡಿದ್ದಾಯಿತು. ನುಡಿಸಿದರೆ ಸ್ವರವೆಲ್ಲ ಸರಿ, ಆದರೆ ಒಗ್ಗರಣೆ ಬೀಳದ ಸಾರು. ಒಂದು ಸಂಜೆ ಸೋಲೋ ಬಿಟ್ಟು ಅದರ ಹಿಂದೆ ‘ಧುಂ-ಚಕ್’ ಅನ್ನುತ್ತಿದ್ದವರ ಕಡೆ ಕಿವಿ ಹೋಯಿತು. ಆಗ ಗೊತ್ತಾಯಿತು ನನ್ನ ಅಡಿಪಾಯ ಎಲ್ಲಿ ಇಲ್ಲ ಅಂತ. ಹಾಗಾಗಿ ಫ್ರೆಂಚ್ ಜಾಝ್ ಕಲಿಯಬೇಕು ಅಂತ ಯಾರೇ ಬಂದರೂ ನಾನು ಹೇಳುವುದು ಒಂದೇ: ಜ್ಯಾಂಗೋ ಕುರ್ಚಿ ಆಮೇಲೆ, ಮೊದಲು ಅವನಿಗೆ ಹಿಮ್ಮೇಳದ ಗಿಟಾರ್ ನುಡಿಸುತ್ತಿದ್ದ ತಮ್ಮ ಜೋಸೆಫನ ಕುರ್ಚಿಯಲ್ಲಿ ಕೂತುಕೊಳ್ಳಿ.

ಫ್ರಾನ್ಸಿಗೆ ಜಾಝ್ ಬಂದದ್ದು ಮೊದಲ ಮಹಾಯುದ್ಧಕ್ಕೆ ಬಂದ ಅಮೆರಿಕದ ಕಪ್ಪು ಸೈನಿಕರ ಜೊತೆ. 1918ರಲ್ಲಿ ಜೇಮ್ಸ್ ರೀಸ್ ಯುರೋಪ್ ತನ್ನ ಮಿಲಿಟರಿ ಬ್ಯಾಂಡ್ ಕಟ್ಟಿಕೊಂಡು ಊರೂರು ನುಡಿಸಿದ. ಅದು ತುತ್ತೂರಿ, ಡ್ರಮ್ಮುಗಳ ಅಬ್ಬರ. ಪ್ಯಾರಿಸ್ಸಿನ ಬಡವರ ಕುಣಿತದ ಮನೆಗಳಲ್ಲಿ ಮಾತ್ರ ಅಕಾರ್ಡಿಯನ್ನಿನದೇ ದರ್ಬಾರು. ‘ಮ್ಯುಸೆಟ್’ ಅನ್ನುವ ಆ ವಾಲ್ಟ್ಸುಗಳಿಗೆ ಹಿಂದೆ ಕೂತು ಬ್ಯಾಂಜೋ ಬಾರಿಸುತ್ತಿದ್ದ ಮಾನೂಶ್ (ರೋಮಾ ಜಿಪ್ಸಿಗಳ ಒಂದು ಪಂಗಡ) ಅಲೆಮಾರಿ ಹುಡುಗನೇ ಜ್ಯಾಂಗೋ. ಅವನೂ ಹಿಮ್ಮೇಳದಿಂದಲೇ ಶುರು ಮಾಡಿದವನು, ನೆನಪಿಡಿ.

1934ರಲ್ಲಿ ‘ಹಾಟ್ ಕ್ಲಬ್ ದ ಫ್ರಾನ್ಸ್’ ಹೆಸರಿನಲ್ಲಿ ಐವರ ತಂಡ ಎದ್ದಿತು. ಸ್ತೆಫಾನ್ ಗ್ರಾಪೆಲ್ಲಿಯ ಪಿಟೀಲು, ಜ್ಯಾಂಗೋ, ಜೋಸೆಫ್, ರೋಜೆ ಶಾಪು ಮೂವರ ಗಿಟಾರು, ಲೂಯಿ ವೋಲಾನ ಬಾಸು. ಎಲ್ಲಾ ತಂತಿಯೇ, ಡ್ರಮ್ಮಿಲ್ಲ, ತುತ್ತೂರಿಯಿಲ್ಲ. ಗ್ರಾಪೆಲ್ಲಿ ನುಡಿಸುವಾಗ ಅವನ ಬೆನ್ನಿಗೆ ಎರಡು ಗಿಟಾರು, ನನ್ನ ಬೆನ್ನಿಗೆ ಒಂದೇ ಅಂತ ಜ್ಯಾಂಗೋ ಮುನಿಸಿಕೊಂಡಿದ್ದಕ್ಕೇ ಮೂರನೇ ಗಿಟಾರು ಸೇರಿತು ಅಂತೊಂದು ಕತೆ ಇದೆ. ಆ ಹಿಮ್ಮೇಳದ ಬಡಿತಕ್ಕೆ ‘ಲಾ ಪೋಂಪ್’ ಅಂತ ಹೆಸರು. ಅಂದರೆ ಪಂಪು. ಊರಿನ ಬೋರ್‌ವೆಲ್ ಕೈಪಂಪು ಒತ್ತಿದವರಿಗೆ ಇದರ ಲಯ ಬೇರೆ ವಿವರಿಸಬೇಕಿಲ್ಲ.

ಈಗ ಗಿಟಾರ್ ತಗೊಳ್ಳಿ. ಎಡಗೈ ಮೊದಲು, ಅದು ಸುಲಭ. 1928ರ ನವೆಂಬರಿನಲ್ಲಿ ಜ್ಯಾಂಗೋ ಮಲಗುತ್ತಿದ್ದ ಬಂಡಿಗೆ ಬೆಂಕಿ ಬಿತ್ತು. ಹೆಂಡತಿ ಮಾರಲು ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂವುಗಳು ಭಗ್ ಅಂದವು. ಆಗವನಿಗೆ ಹದಿನೆಂಟು. ಎಡಗೈಯ ಉಂಗುರದ ಬೆರಳು, ಕಿರುಬೆರಳು ಸೆಟೆದು ಹೋದವು. ಸೋಲೋ ಎಲ್ಲ ಉಳಿದೆರಡು ಬೆರಳಲ್ಲೇ. ಅವನ ಕಾರ್ಡುಗಳೂ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಅದಕ್ಕೆ ತಕ್ಕಂತೆ ಮೂರ್ನಾಲ್ಕು ತಂತಿಯವು; ಐದಾರು ತಂತಿ ಒತ್ತಿ ಹಿಡಿಯುವ ಬಾರ್ ಕಾರ್ಡುಗಳನ್ನು ಮರೆತುಬಿಡಿ.

ಎ ಮೈನರ್ ಸಿಕ್ಸ್ ಹೀಗೆ ಹಿಡಿಯಿರಿ: ಆರನೇ ತಂತಿ (ಎಲ್ಲಕ್ಕಿಂತ ದಪ್ಪದ್ದು) 5ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ), ನಾಲ್ಕನೆಯದು 4ನೇ ಫ್ರೆಟ್, ಮೂರು ಮತ್ತು ಎರಡನೆಯವು 5ನೇ ಫ್ರೆಟ್. ಐದನೇ ತಂತಿಯನ್ನೂ ಒಂದನೇ ತಂತಿಯನ್ನೂ ಬೆರಳ ಅಂಚು ತಾಗಿಸಿ ಸುಮ್ಮನಾಗಿಸಿ. ಇದೇ ಹಿಡಿತವನ್ನು ಹಾಗೇ 10ನೇ ಫ್ರೆಟ್ಟಿಗೆ ಜಾರಿಸಿದರೆ ಡಿ ಮೈನರ್ ಸಿಕ್ಸ್. ಇ ಸೆವೆನ್‌ಗೆ ಐದನೇ ತಂತಿ 7, ನಾಲ್ಕನೆಯದು 6, ಮೂರನೆಯದು 7. ಎ ಎರಡು ಬಾರ್ (ಇಲ್ಲಿ ಬಾರ್ ಅಂದರೆ ನಾಲ್ಕು ಎಣಿಕೆಯ ಒಂದು ಸುತ್ತು), ಡಿ ಎರಡು, ಇ ಎರಡು, ಮತ್ತೆ ಎ ಎರಡು: ಆ ತಂಡದ 1937ರ ‘ಮೈನರ್ ಸ್ವಿಂಗ್’ ಅನ್ನುವ ಧ್ವನಿಮುದ್ರಿಕೆಯ ಅರ್ಧ ಕೈಗೆ ಬಂತು.

ಕಷ್ಟ ಇರುವುದು ಬಲಗೈಯಲ್ಲಿ. ಅಂಗೈಯನ್ನು ಗಿಟಾರಿನ ಮೇಲೆ ಊರಬೇಡಿ, ಮಣಿಕಟ್ಟು ತುಸು ಬಾಗಿ ಗಾಳಿಯಲ್ಲೇ ಇರಲಿ. ಪಾದರಸದ ಥರ್ಮಾಮೀಟರ್ ಇಳಿಸಲು ಕೊಡವುತ್ತಿದ್ದೆವಲ್ಲ, ಅದೇ ಕೊಡವು. ಒಂದನೇ ಎಣಿಕೆಗೆ ದಪ್ಪ ತಂತಿಗಳನ್ನಷ್ಟೇ ಮೆತ್ತಗೆ ತಾಗಿಸಿ. ಎರಡಕ್ಕೆ ಎಲ್ಲ ತಂತಿ ಸೇರಿ ಛಟ್ಟನೆ. ಸದ್ದು ಬಂದ ಕೂಡಲೇ ಎಡಗೈ ಒತ್ತಡ ಸಡಿಲಿಸಿ. ಬೆರಳು ತಂತಿ ಮೇಲೇ ಇರಲಿ, ಎತ್ತಬೇಡಿ. ಮೂರು ಒಂದರ ಹಾಗೆ, ನಾಲ್ಕು ಎರಡರ ಹಾಗೆ. ಇವತ್ತಿನ ಮಾನೂಶ್ ವಾದಕರು ಒಂದು, ಮೂರರ ಮುಂಚೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಮೇಲ್ಮೀಟು ಸೇರಿಸುತ್ತಾರೆ. ಅದು ಒಂದೆರಡು ತಿಂಗಳು ಬಿಟ್ಟು ಸಾಕು. ಪಿಕ್ಕು (ತಂತಿ ಮೀಟುವ ಬಿಲ್ಲೆ) ಎರಡು ಮಿಲಿಮೀಟರಿಗಿಂತ ದಪ್ಪದ್ದಿರಲಿ. ನಾನು ತೆಳ್ಳನೆಯದರಲ್ಲಿ ಹೊಡೆದೂ ಹೊಡೆದೂ ಮಣಿಕಟ್ಟು ಊದಿಸಿಕೊಂಡು ಮೂರು ವಾರ ಎಡಗೈಯಲ್ಲಿ ಊಟ ಮಾಡಿದ್ದೇನೆ. ಅಮ್ಮನ ಬೈಗುಳ ಬೇರೆ.

ನಮ್ಮವರಿಗೆ ಇಲ್ಲೊಂದು ತೊಡಕಿದೆ. ಭಜನೆಯಿಂದ ಕಛೇರಿಯ ತನಕ ನಮ್ಮ ಭಾರವೆಲ್ಲ ಸಮದ ಮೇಲೆ. ಕೈ ತಂತಾನೇ ಒಂದಕ್ಕೆ ಬೀಳುತ್ತದೆ. ಇಲ್ಲಿ ಭಾರ ಎರಡು, ನಾಲ್ಕರ ಮೇಲೆ. ಮೆಟ್ರೊನೋಮನ್ನು (ಲಯಕ್ಕೆ ಟಿಕ್ ಟಿಕ್ ಅನ್ನುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಟ್ಟು ಆ ಟಿಕ್ಕುಗಳನ್ನೇ ಎರಡು, ನಾಲ್ಕು ಅಂದುಕೊಳ್ಳಿ, ನಿಮ್ಮ ನಡೆ 120 ಆಗುತ್ತದೆ. ಮೊದಮೊದಲು ಟಿಕ್ಕು ನುಣುಚಿಕೊಂಡು ಒಂದಕ್ಕೆ ಹೋಗಿ ಕೂರುತ್ತದೆ. ಆಗ ನಿಲ್ಲಿಸಿ, ಗಿಟಾರ್ ಕೆಳಗಿಟ್ಟು, ‘ಒಂದು’ ಬಾಯಲ್ಲಿ ಹೇಳಿ ‘ಎರಡ’ಕ್ಕೆ ತೊಡೆ ತಟ್ಟಿ. ನನಗೆ ಇದು ಕೂತದ್ದು ಬಸ್ಸಿನಲ್ಲಿ, ಪಕ್ಕದವರು ವಿಚಿತ್ರವಾಗಿ ನೋಡುತ್ತಿರುವಾಗ.

ಕೈಗೆ ಬಂತೋ ಇಲ್ಲವೋ ನೋಡಲು ಫೋನಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ನನ್ನದು ಪ್ರತಿ ಸಲ ಓಡುತ್ತಿತ್ತು. ಓಡುತ್ತಿದ್ದರೆ ಒಂದನೆಯ ಏಟು ಜೋರಾಗಿದೆ ಅಂತಲೇ ತಿಳಿಯಿರಿ.

ಕಿವಿಗೆ ಇನ್ನೊಂದು ಕೆಲಸ. 1939ರಲ್ಲಿ ಯುದ್ಧ ಶುರುವಾದಾಗ ತಂಡ ಲಂಡನ್ನಿನಲ್ಲಿತ್ತು. ಗ್ರಾಪೆಲ್ಲಿ ಅಲ್ಲೇ ಉಳಿದ, ಜ್ಯಾಂಗೋ ಪ್ಯಾರಿಸ್ಸಿಗೆ ಓಡಿಬಂದ. ಅವನ 1940ರ ಡಿಸೆಂಬರಿನ ‘ನುವಾಜ್’ ಧ್ವನಿಮುದ್ರಣದಲ್ಲಿ ಪಿಟೀಲಿನ ಜಾಗಕ್ಕೆ ಕ್ಲಾರಿನೆಟ್ ಬಂದಿದೆ, ಡ್ರಮ್ಮೂ ಇದೆ. ಅದರಲ್ಲಿ ಜೋಸೆಫನ ಗಿಟಾರನ್ನು ಹುಡುಕಿ; ಸ್ವಲ್ಪ ಕಷ್ಟಪಡಬೇಕಾಗುತ್ತದೆ. ಕೂಡಲೇ ‘ಮೈನರ್ ಸ್ವಿಂಗ್’ ಹಾಕಿ, ಇಬ್ಬರ ಪಂಪು ಎದೆಗೇ ಹೊಡೆಯುತ್ತದೆ.