ಫೈಟರ್‌ಗೂ ವಿಝಾರ್ಡ್‌ಗೂ ಒಂದೇ ತಕ್ಕಡಿ: ಪಾತ್ರದ ಆಯ್ಕೆಗಳನ್ನು ತೂಗಿ ನೋಡುವುದು ಹೇಗೆ?

ಟೇಬಲ್ ಸುತ್ತ ಕೂತು ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಕ್ಕೆ ಹೊಸದೊಂದು ಸಬ್‌ಕ್ಲಾಸನ್ನೋ (ಕ್ಲಾಸ್, ಅಂದರೆ ಪಾತ್ರದ ವರ್ಗದ ಒಳಕವಲು) ಫೀಟನ್ನೋ (ಪಾತ್ರ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಮಂತ್ರವನ್ನೋ ಬರೆಯಲು ಒಂದು ಸಂಜೆ ಸಾಕು. ಅದು ಪಕ್ಕದಲ್ಲಿ ಕೂತವರ ಪಾತ್ರವನ್ನು ಮಂಕಾಗಿಸುತ್ತದೆಯೇ ಎಂದು ನೋಡಲು ಇನ್ನಷ್ಟು ಹೊತ್ತು ಬೇಕು. ಅದಕ್ಕೆ ಬೇಕಾದ ಗಣಿತ ಮಾತ್ರ ಹೈಸ್ಕೂಲಿನದೇ. ಇಲ್ಲಿನ ಲೆಕ್ಕವೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಆವೃತ್ತಿಯದು. ಬೇರೆ ಆಟಕ್ಕೆ ಅಂಕಿ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ಸಮತೋಲನ ಎಂದರೆ ಎಲ್ಲರೂ ಒಂದೇ ಸಮ ಡ್ಯಾಮೇಜ್ (ಪೆಟ್ಟಿನ ಅಂಕಿ) ಮಾಡಬೇಕು ಎಂದಲ್ಲ. 2008ರ ನಾಲ್ಕನೇ ಆವೃತ್ತಿಯಲ್ಲಿ ಆಯುಧ ಹಿಡಿಯುವ ಫೈಟರ್‌ನಿಂದ ಮಂತ್ರ ಹಾಕುವ ವಿಝಾರ್ಡ್‌ವರೆಗೆ ಎಲ್ಲ ಕ್ಲಾಸ್‌ಗಳಿಗೂ ಒಂದೇ ಅಚ್ಚಿನ ಶಕ್ತಿಗಳಿದ್ದವು: ಎಷ್ಟು ಸಲ ಬೇಕಾದರೂ ಬಳಸುವಂಥವು, ಕಾಳಗಕ್ಕೊಮ್ಮೆ ಸಿಗುವಂಥವು, ದಿನಕ್ಕೊಮ್ಮೆ ಸಿಗುವಂಥವು. ತೂಕವೇನೋ ಹತ್ತಿರ ಬಂತು, ಆದರೆ ಎಲ್ಲ ಕ್ಲಾಸ್‌ಗಳ ರುಚಿಯೂ ಒಂದೇ ಆಯಿತೆಂದು ಅನೇಕ ಆಟಗಾರರು ಬೇಸರಪಟ್ಟರು. ಹಾಗಾಗಿ ನಾವು ಹುಡುಕುವುದು ಬೇರೆಯದನ್ನು. ಬೇರೆ ಬೇರೆ ರೀತಿ ಆಡುವ ಎರಡು ಪಾತ್ರಗಳು ದಿನದ ಕೊನೆಗೆ ಸುಮಾರು ಒಂದೇ ತೂಕಕ್ಕೆ ಬಂದು ನಿಲ್ಲಬೇಕು.

ಮೊದಲು ತೂಕದ ಕಲ್ಲು

ಹೋಲಿಕೆಗೆ 5ನೇ ಲೆವೆಲ್ ಹಿಡಿಯಿರಿ. ಫೈಟರ್‌ಗೆ ಎರಡನೇ ಏಟು ಸಿಗುವುದೂ ವಿಝಾರ್ಡ್‌ಗೆ ಮೂರನೇ ಹಂತದ ಮಂತ್ರಗಳು ಬರುವುದೂ ಅಲ್ಲೇ. ಆಟ ಒಮ್ಮೆಲೇ ಮೇಲೇರುವ ಮೆಟ್ಟಿಲು ಅದು, ತಪ್ಪುಗಳು ಅಲ್ಲಿ ಬೇಗ ಕಣ್ಣಿಗೆ ಬೀಳುತ್ತವೆ. ಮುಖ್ಯ ಸಾಮರ್ಥ್ಯ 18, ಅಂದರೆ +4. ಪ್ರೊಫಿಶಿಯೆನ್ಸಿ (ಲೆವೆಲ್ ಜೊತೆ ಏರುವ ಪರಿಣತಿಯ ಬೋನಸ್) +3. ಒಟ್ಟು ದಾಳಿಗೆ +7. ಎದುರಾಳಿಯ ಆರ್ಮರ್ ಕ್ಲಾಸ್ (ಏಟು ತಗಲಲು ದಾಳ, ಬೋನಸ್ ಸೇರಿ ಮುಟ್ಟಬೇಕಾದ ಅಂಕಿ) 15 ಎಂದಿಟ್ಟುಕೊಂಡರೆ ಇಪ್ಪತ್ತು ಮುಖದ ದಾಳದಲ್ಲಿ 8 ಅಥವಾ ಹೆಚ್ಚು ಬೀಳಬೇಕು. ಇಪ್ಪತ್ತರಲ್ಲಿ ಹದಿಮೂರು ಮುಖ, ಶೇ 65.

ಒಂದು ಏಟಿನ ಸರಾಸರಿಗೆ ಸೂತ್ರ ಹೀಗೆ: ತಗಲುವ ಸಂಭವವನ್ನು ಪೂರ್ತಿ ಡ್ಯಾಮೇಜಿನಿಂದ ಗುಣಿಸಿ, ಅದಕ್ಕೆ ಕ್ರಿಟಿಕಲ್ (ದಾಳದಲ್ಲಿ 20 ಬೀಳುವುದು, ಶೇ 5) ಸಂಭವ ಗುಣಿಸು ದಾಳದ ಸರಾಸರಿಯನ್ನು ಕೂಡಿಸಿ. ಆರು ಮುಖದ ದಾಳದ ಸರಾಸರಿ 3.5, ಎಂಟರದು 4.5, ಹತ್ತರದು 5.5. ಕ್ರಿಟಿಕಲ್‌ನಲ್ಲಿ ದುಪ್ಪಟ್ಟಾಗುವುದು ದಾಳ ಮಾತ್ರ, ಜೊತೆಗಿನ +4 ಅಲ್ಲ. ಹೊಸಬರ ಲೆಕ್ಕ ಹೆಚ್ಚಾಗಿ ತಪ್ಪುವುದು ಇಲ್ಲೇ.

ಗ್ರೇಟ್‌ಸೋರ್ಡ್ ಹಿಡಿದ ಫೈಟರ್‌ನದು 2ಡಿ6 (ಆರು ಮುಖದ ಎರಡು ದಾಳ), ಸರಾಸರಿ 7, ಜೊತೆಗೆ 4, ಒಟ್ಟು 11. 0.65 ಗುಣಿಸು 11 ಅಂದರೆ 7.15, ಕ್ರಿಟಿಕಲ್‌ನ 0.35 ಸೇರಿ 7.5. ಎರಡು ಏಟು ಸೇರಿ ಒಂದು ಸುತ್ತಿಗೆ (ಎಲ್ಲರಿಗೂ ಒಂದೊಂದು ಸರದಿ) 15. ಫೈಟಿಂಗ್ ಸ್ಟೈಲ್, ಸಬ್‌ಕ್ಲಾಸ್ ಯಾವುದನ್ನೂ ಸೇರಿಸದ ಈ 15ನ್ನು ಹಾಳೆಯ ಮೇಲ್ತುದಿಯಲ್ಲಿ ಬರೆದುಕೊಳ್ಳಿ. ಇದೇ ನಿಮ್ಮ ತೂಕದ ಕಲ್ಲು.

ಇದೇ ಸೂತ್ರದಲ್ಲಿ ರೇಪಿಯರ್ (ತೆಳುಕತ್ತಿ) ಹಿಡಿದ ರೋಗ್ ಎಂಬ ಕಳ್ಳ-ಕ್ಲಾಸ್, ಸ್ನೀಕ್ ಅಟ್ಯಾಕ್ ಎಂಬ ಹೆಚ್ಚುವರಿ ಪೆಟ್ಟಿನ 3ಡಿ6 ಸೇರಿ, ಸುತ್ತಿಗೆ 13.1. ಅಡಗಿ ಕೂತು ಅಡ್ವಾಂಟೇಜ್ (ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳುವುದು) ಗಿಟ್ಟಿಸಿದರೆ 18.1. ಒಂದೇ ಏಟು, ತಪ್ಪಿದರೆ ಆ ಸುತ್ತು ಸೊನ್ನೆ. ಈ ಏರಿಳಿತವೇ ರೋಗ್‌ನ ಸ್ವಭಾವ, ಅದನ್ನು ಸರಿಪಡಿಸಲು ಹೋಗಬೇಡಿ.

ಬೋನಸ್‌ನ ನಿಜವಾದ ಬೆಲೆ

ಇಪ್ಪತ್ತರ ದಾಳದ ಮೇಲೆ +1 ಅಂದರೆ ಶೇಕಡಾ ಐದು ಅಂಶ. ಆದರೆ 65 ಇದ್ದದ್ದು 70 ಆದರೆ ತಗಲುವ ಏಟುಗಳು ಶೇ 8ರಷ್ಟೂ ಹೆಚ್ಚುವುದಿಲ್ಲ, 25 ಇದ್ದದ್ದು 30 ಆದರೆ ಶೇ 20 ಹೆಚ್ಚುತ್ತವೆ. ಅದಕ್ಕೇ ಒಂದೇ ಆರ್ಮರ್ ಕ್ಲಾಸ್ ಹಿಡಿದು ತೂಗಿದರೆ ಮೋಸಹೋಗುತ್ತೀರಿ. ಇದಕ್ಕೆ ಗ್ರೇಟ್ ವೆಪನ್ ಮಾಸ್ಟರ್ ಫೀಟ್‌ಗಿಂತ ಒಳ್ಳೆಯ ಪಾಠವಿಲ್ಲ. 2014ರ ನಿಯಮದಲ್ಲಿ ದಾಳಿಗೆ ಐದು ಕಳೆದು ಡ್ಯಾಮೇಜಿಗೆ ಹತ್ತು ಕೂಡಿಸಬಹುದಿತ್ತು. ಕಾಗದದ ಮೇಲೆ ನ್ಯಾಯವಾದ ವ್ಯಾಪಾರದಂತೆ ಕಾಣುತ್ತದೆ. ಮೂರು ಸನ್ನಿವೇಶಗಳಲ್ಲಿ ತೂಗಿ.

ಆರ್ಮರ್ ಕ್ಲಾಸ್ 15: ಸುತ್ತಿಗೆ 15 ಇದ್ದದ್ದು 17.5 ಆಗುತ್ತದೆ.
ಆರ್ಮರ್ ಕ್ಲಾಸ್ 18: 11.7 ಇದ್ದದ್ದು 11.2ಕ್ಕೆ ಇಳಿಯುತ್ತದೆ.
ಆರ್ಮರ್ ಕ್ಲಾಸ್ 15, ಜೊತೆಗೆ ಅಡ್ವಾಂಟೇಜ್: 20.7 ಇದ್ದದ್ದು 28.2ಕ್ಕೆ ಜಿಗಿಯುತ್ತದೆ.

ಅಡ್ವಾಂಟೇಜ್‌ನ ಲೆಕ್ಕ ಹೀಗೆ. ತಪ್ಪುವ ಸಂಭವವನ್ನು ಅದರಿಂದಲೇ ಗುಣಿಸಿ ಒಂದರಿಂದ ಕಳೆದರೆ ಉತ್ತರ ಸಿಗುತ್ತದೆ. ಶೇ 65 ಇದ್ದದ್ದು ಸುಮಾರು 88ಕ್ಕೆ ಏರುತ್ತದೆ, ಐದು ಕಳೆದ ಮೇಲಿನ 40 ಕೂಡ 64 ಆಗುತ್ತದೆ. ದಂಡವನ್ನು ಅಡ್ವಾಂಟೇಜ್ ಕೊಡಿಸಿದ ಗೆಳೆಯನ ಮಂತ್ರ ಕಟ್ಟುತ್ತದೆ, ಲಾಭ ಮಾತ್ರ ಪೂರ್ತಿ ಕತ್ತಿಗೆ. ಲೆಕ್ಕ ಬಲ್ಲ ಆಟಗಾರ ಈ ಫೀಟನ್ನು ಬಿಡುತ್ತಲೇ ಇರಲಿಲ್ಲ, ಲೆಕ್ಕ ಮಾಡದೆ ಕವಚಧಾರಿಯ ಮೇಲೂ ಬಳಸಿದವನು ತಿಳಿಯದೇ ಸೋಲುತ್ತಿದ್ದ. 2024ರ ಪರಿಷ್ಕರಣೆಯಲ್ಲಿ ಆ ವ್ಯಾಪಾರವನ್ನೇ ತೆಗೆದು, ಭಾರದ ಆಯುಧದ ಏಟಿಗೆ ಪ್ರೊಫಿಶಿಯೆನ್ಸಿಯಷ್ಟು ಡ್ಯಾಮೇಜ್ ಸೇರಿಸಿದರು. ಅದನ್ನೇ ನಮ್ಮ ಫೈಟರ್‌ಗೆ ಹಾಕಿ ನೋಡಿದರೆ ಮೂರು ಸನ್ನಿವೇಶಗಳಲ್ಲಿ ಲಾಭ ಕ್ರಮವಾಗಿ 3.9, 3 ಮತ್ತು 5.3. ಎಲ್ಲಿಯೂ ನಷ್ಟವಿಲ್ಲ, ಎಲ್ಲಿಯೂ ಸ್ಫೋಟವಿಲ್ಲ. ನೀವು ಬರೆದ ಆಯ್ಕೆಯನ್ನೂ ಇದೇ ಮೂರು ಸಾಲಿನಲ್ಲಿ ಬರೆದು ನೋಡಿ. ಸಾಲುಗಳ ನಡುವಿನ ಅಂತರ ದೊಡ್ಡದಾದಷ್ಟೂ ಅಪಾಯ ಹೆಚ್ಚು.

ದಿನ ಎಷ್ಟು ಉದ್ದ?

ಹೆಚ್ಚಿನ ಮನೆ-ನಿಯಮಗಳು ಮುರಿದು ಬೀಳುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ. ನಮ್ಮ ವಿಝಾರ್ಡ್‌ನ ಮೂರನೇ ಹಂತದ ಮಂತ್ರ ಫೈರ್‌ಬಾಲ್ 8ಡಿ6, ಸರಾಸರಿ 28. ಹೊಸ ಮಂತ್ರ ಬರೆಯುವವರಿಗೆಂದು 2014ರ ಡಂಜನ್ ಮಾಸ್ಟರ್ (ಆಟ ನಡೆಸುವವರ) ಕೈಪಿಡಿ ಕೊಡುವ ಪಟ್ಟಿಯಲ್ಲಿ ಅನೇಕರಿಗೆ ತಗಲುವ ಮೂರನೇ ಹಂತದ ಮಂತ್ರಕ್ಕೆ 6ಡಿ6 ಮಾತ್ರ. ಅಂದರೆ ಫೈರ್‌ಬಾಲನ್ನು ಅಳತೆಗೋಲು ಮಾಡಿಕೊಂಡು ಬರೆದ ಮಂತ್ರ ಹುಟ್ಟುತ್ತಲೇ ಭಾರ.

ಎದುರಾಳಿಗಳ ಡೆಕ್ಸ್‌ಟೆರಿಟಿ ಸೇವ್ (ಚುರುಕಿನಿಂದ ತಪ್ಪಿಸಿಕೊಳ್ಳುವ ಯತ್ನ) +2, ಮಂತ್ರದ ಡಿಸಿ (ಆ ಯತ್ನದಲ್ಲಿ ಮುಟ್ಟಬೇಕಾದ ಅಂಕಿ) 15 ಎಂದಾದರೆ ಶೇ 60 ಸಲ ಪೂರ್ತಿ ಪೆಟ್ಟು, ಉಳಿದಂತೆ ಅರ್ಧ. ತಲೆಗೆ 22.4, ಮೂವರು ಸಿಕ್ಕಿಬಿದ್ದರೆ 67.2. ಮಂತ್ರ ಖರ್ಚಾದ ಮೇಲೆ ಉಳಿಯುವ, ಎಷ್ಟು ಸಲ ಬೇಕಾದರೂ ಎಸೆಯಬಹುದಾದ ಫೈರ್ ಬೋಲ್ಟ್ ಸುತ್ತಿಗೆ 7.7, ಫೈಟರ್‌ನ ಅರ್ಧ.

ದಿನಕ್ಕೆ ಒಂದೇ ಕಾಳಗ, ಮೂರು ಸುತ್ತು ಎನ್ನಿ. ವಿಝಾರ್ಡ್ ಎರಡು ಫೈರ್‌ಬಾಲ್, ಒಂದು ಬೋಲ್ಟ್ ಎಸೆದರೆ ಒಟ್ಟು 142. ಫೈಟರ್ ಆಕ್ಷನ್ ಸರ್ಜ್ (ಆ ಸುತ್ತಿನಲ್ಲಿ ಇನ್ನೆರಡು ಏಟು ಕೊಡುವ ಶಕ್ತಿ) ಬಳಸಿದರೂ 60. ಎರಡು ಪಟ್ಟಿಗಿಂತ ಹೆಚ್ಚು ಅಂತರ. ಈಗ ಅದೇ ಜೋಡಿಗೆ ಆರು ಕಾಳಗ, ನಡುವೆ ಎರಡು ಶಾರ್ಟ್ ರೆಸ್ಟ್ (ಆಕ್ಷನ್ ಸರ್ಜ್ ಮರಳಿಸುವ ಚಿಕ್ಕ ವಿಶ್ರಾಂತಿ) ಕೊಡಿ. ಫೈಟರ್‌ಗೆ ಹದಿನೆಂಟು ಸುತ್ತು, ಮೂರು ಆಕ್ಷನ್ ಸರ್ಜ್, ಒಟ್ಟು 315. ವಿಝಾರ್ಡ್‌ಗೆ ಆರ್ಕೇನ್ ರಿಕವರಿ ಎಂಬ ಶಕ್ತಿಯಿಂದ ಮರಳಿದ ಸ್ಲಾಟ್ (ಮಂತ್ರ ಹಾಕಿದಾಗ ಖರ್ಚಾಗುವ ಅವಕಾಶ) ಸೇರಿ ಮೂರು ಫೈರ್‌ಬಾಲ್, ಹದಿನೈದು ಬೋಲ್ಟ್, ಒಟ್ಟು 317. ಕೆಳಹಂತದ ಸ್ಲಾಟ್‌ಗಳು ರಕ್ಷಣೆಗೆ ಹೋದವೆಂದು ಬಿಟ್ಟಿದ್ದೇವೆ.

ನಿಯಮದಲ್ಲಿ ಒಂದಕ್ಷರ ಬದಲಾಗಲಿಲ್ಲ, ದಿನದ ಉದ್ದ ಬದಲಾಯಿತು, ಅಷ್ಟೇ. ಆ ಆವೃತ್ತಿಯ ಕೈಪಿಡಿ ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗಗಳನ್ನು ಅಂದಾಜಿಸಿತ್ತು. ವಾರಕ್ಕೊಮ್ಮೆ ಮೂರು ಗಂಟೆ ಆಡುವ ಗುಂಪಿಗೆ ಅಷ್ಟು ಕಾಳಗ ಒಂದೇ ಕೂಟದಲ್ಲಿ ಮುಗಿಯುವುದು ಕಷ್ಟ. ನಿಮ್ಮ ಟೇಬಲ್‌ನಲ್ಲಿ ಎರಡು ಲಾಂಗ್ ರೆಸ್ಟ್‌ಗಳ (ದಿನದ ಶಕ್ತಿಗಳು ಮರಳುವ ದೀರ್ಘ ವಿಶ್ರಾಂತಿ) ನಡುವೆ ನಿಜಕ್ಕೂ ಎಷ್ಟು ಕಾಳಗ ಆಗುತ್ತದೆ ಎಂದು ಮೊದಲು ಎಣಿಸಿ. ಉತ್ತರ ಎರಡು ಎಂದಾದರೆ ದಿನಕ್ಕೊಮ್ಮೆ ಸಿಗುವ ಶಕ್ತಿಯ ಡ್ಯಾಮೇಜ್ ಕಡಿತಗೊಳಿಸಿ, ಇಲ್ಲವೇ ರಾತ್ರಿ ನಿದ್ದೆಯನ್ನು ಲಾಂಗ್ ರೆಸ್ಟ್ ಎಂದು ಎಣಿಸದೆ ಸುರಕ್ಷಿತ ಊರು ಸೇರಿದಾಗ ಮಾತ್ರ ಕೊಡಿ. ಎರಡನೆಯದು ವಾಸಿ. ಒಂದೇ ಬದಲಾವಣೆಯಿಂದ ಎಲ್ಲ ಕ್ಲಾಸ್‌ಗಳೂ ಸರಿಹೋಗುತ್ತವೆ.

ಆಕ್ಷನ್‌ನ ಬೆಲೆ

ಪ್ರತಿ ಆಯ್ಕೆಯ ಪಕ್ಕದಲ್ಲಿ ಅದು ಏನನ್ನು ತಿನ್ನುತ್ತದೆ ಎಂದು ಬರೆಯಿರಿ: ಆಕ್ಷನ್ (ಸರದಿಯ ಮುಖ್ಯ ಕೆಲಸ), ಬೋನಸ್ ಆಕ್ಷನ್ (ಜೊತೆಗಿನ ಚಿಕ್ಕ ಕೆಲಸ), ರಿಯಾಕ್ಷನ್ (ಬೇರೆಯವರ ನಡೆಗೆ ಪ್ರತಿಕ್ರಿಯೆ), ಕಾನ್ಸಂಟ್ರೇಷನ್ (ಒಂದು ಸಲಕ್ಕೆ ಒಂದೇ ಮಂತ್ರವನ್ನು ಹಿಡಿದಿಡುವ ಏಕಾಗ್ರತೆ). ಪ್ರಾಣಿಯೊಂದನ್ನು ಸಂಗಾತಿಯಾಗಿ ಪಡೆಯುವ 2014ರ ಬೀಸ್ಟ್ ಮಾಸ್ಟರ್ ರೇಂಜರ್ ಸೋತದ್ದು ಡ್ಯಾಮೇಜಿನ ಅಂಕಿಯಿಂದಲ್ಲ. 3ನೇ ಲೆವೆಲ್‌ನಲ್ಲಿ ಪ್ರಾಣಿಯನ್ನು ದಾಳಿಗೆ ಬಿಡಬೇಕಾದರೆ ರೇಂಜರ್ ತನ್ನ ಆಕ್ಷನ್ನನ್ನೇ ಕೊಡಬೇಕಿತ್ತು. ಸಂಗಾತಿ ಇದ್ದೂ ಇಬ್ಬರಲ್ಲಿ ಒಬ್ಬರೇ ಹೊಡೆಯುವ ಸ್ಥಿತಿ. 2020ರ ಪೂರಕ ಪುಸ್ತಕ ಆ ಆಜ್ಞೆಯನ್ನು ಬೋನಸ್ ಆಕ್ಷನ್‌ಗೆ ಇಳಿಸಿತು, ಸಬ್‌ಕ್ಲಾಸ್ ಉಸಿರಾಡಿತು. ಸೊರಗಿದ ಆಯ್ಕೆಗೆ ಇನ್ನೊಂದು ದಾಳ ಸೇರಿಸುವ ಮುನ್ನ ಅದರ ಆಕ್ಷನ್ ಬೆಲೆ ಇಳಿಸಿ ನೋಡಿ.

ಬಾಗಿಲಲ್ಲೇ ಎಲ್ಲವನ್ನೂ ಹಂಚಬೇಡಿ

ಮಲ್ಟಿಕ್ಲಾಸ್ (ಒಂದೇ ಪಾತ್ರ ಹಲವು ಕ್ಲಾಸ್‌ಗಳ ಲೆವೆಲ್ ಪಡೆಯುವುದು) ಇರುವ ಆಟದಲ್ಲಿ 1ನೇ ಲೆವೆಲ್‌ಗೆ ಕೊಟ್ಟದ್ದೆಲ್ಲ ಎಲ್ಲರಿಗೂ ಕೊಟ್ಟಂತೆ. 2017ರಲ್ಲಿ ಬಂದ ಹೆಕ್ಸ್‌ಬ್ಲೇಡ್ ಎಂಬ ವಾರ್‌ಲಾಕ್ ಸಬ್‌ಕ್ಲಾಸ್‌ಗೆ ಮೊದಲ ಲೆವೆಲ್‌ನಲ್ಲೇ ಕರಿಸ್ಮಾದಿಂದ (ವ್ಯಕ್ತಿತ್ವದ ಬಲ) ಆಯುಧ ಬೀಸುವ ಸೌಲಭ್ಯವಿತ್ತು. ಕರಿಸ್ಮಾವನ್ನೇ ನೆಚ್ಚಿದ ಪ್ಯಾಲಡಿನ್‌ಗಳು ಒಂದೇ ಲೆವೆಲ್ ಎತ್ತಿಕೊಂಡು ಹೊರಬಂದರು. 2024ರ ಆವೃತ್ತಿಯಲ್ಲಿ ಎಲ್ಲ ಸಬ್‌ಕ್ಲಾಸ್‌ಗಳೂ 3ನೇ ಲೆವೆಲ್‌ಗೆ ಹೋದವು. ನಿಮ್ಮ ಸಬ್‌ಕ್ಲಾಸ್‌ನ ಗುರುತಿನ ಶಕ್ತಿ ಅಲ್ಲೇ ಇರಲಿ. ಬಳಕೆಯ ಲೆಕ್ಕವನ್ನು ಪ್ರೊಫಿಶಿಯೆನ್ಸಿಗೆ ಕಟ್ಟುವುದಾದರೆ ಇನ್ನೊಂದು ಎಚ್ಚರ: ಪ್ರೊಫಿಶಿಯೆನ್ಸಿ ಏರುವುದು ಪಾತ್ರದ ಒಟ್ಟು ಲೆವೆಲ್ ಮೇಲೆ, ಹೀಗಾಗಿ ಬರೀ ಇಣುಕಿ ಹೋದವನಿಗೂ ಪೂರ್ತಿ ಸಿಗುತ್ತದೆ. ಬೇಡವೆಂದರೆ ಕ್ಲಾಸ್ ಲೆವೆಲ್‌ಗೆ ಕಟ್ಟಿ.

ಟೇಬಲ್ ಮೇಲೆ ಪರೀಕ್ಷೆ

ಆಡಿ ನೋಡಿದರೆ ಡ್ಯಾಮೇಜ್ ತಿಳಿಯುತ್ತದೆ ಎಂದುಕೊಳ್ಳಬೇಡಿ. ಶೇ 65ರ ಸಂಭವದಲ್ಲಿ ಇಪ್ಪತ್ತು ಏಟಿಗೆ ಹದಿಮೂರು ತಗಲಬೇಕು, ಆದರೆ ಹನ್ನೊಂದು ತಗಲುವುದೂ ಹದಿನೈದು ತಗಲುವುದೂ ತೀರಾ ಸಾಮಾನ್ಯ. ಒಂದು ಸಂಜೆಯ ಅದೃಷ್ಟ ನಿಮ್ಮ ಆಯ್ಕೆಯ ಗುಣವೆಂಬಂತೆ ಕಾಣಿಸುತ್ತದೆ. ಡ್ಯಾಮೇಜನ್ನು ಹಾಳೆಯ ಮೇಲೆ ತೂಗಿ, ಟೇಬಲ್ ಮೇಲೆ ಬೇರೆಯದನ್ನು ಗಮನಿಸಿ.

ಒಂದೇ ದೊಡ್ಡ ರಾಕ್ಷಸನಿರುವ ಕಾಳಗ, ಆರೆಂಟು ಚಿಕ್ಕವರ ಗುಂಪಿನ ಕಾಳಗ, ಆಯುಧವೇ ಬೇಕಿಲ್ಲದ ಒಂದು ಮಾತುಕತೆಯ ಸನ್ನಿವೇಶ ಇಡಿ. ಪ್ರತಿ ಸುತ್ತಿಗೂ ಒಂದು ಸಾಲು ಬರೆಯಿರಿ. ಆಟಗಾರ ಆ ಶಕ್ತಿಯನ್ನು ಬಳಸಿದನೇ, ಮರೆತನೇ, ನಿಯಮ ಓದಲು ಆಟ ನಿಂತಿತೇ, ಸತತ ಮೂರು ಸುತ್ತು ಅದನ್ನೇ ಮಾಡಿದನೇ, ಅವನ ಸರದಿಯಲ್ಲಿ ಉಳಿದವರು ಫೋನ್ ತೆಗೆದರೇ. ಮರೆತುಹೋಗುವ ಶಕ್ತಿಗೆ ಷರತ್ತು ಹೆಚ್ಚಾಗಿದೆ. ಪ್ರತಿ ಸುತ್ತೂ ಅದೇ ಆದರೆ ಷರತ್ತು ಕಡಿಮೆ.

ತಿದ್ದುವಾಗ ಒಂದು ಸಲಕ್ಕೆ ಒಂದೇ ಅಂಕಿ ಮುಟ್ಟಿ. ಮೊದಲು ಎಷ್ಟು ಸಲ ಬಳಸಬಹುದು ಎಂಬುದು, ಆಮೇಲೆ ಷರತ್ತು, ಕೊನೆಗೆ ದಾಳ. ಪ್ರತಿಯ ಮೇಲೆ ದಿನಾಂಕ ಹಾಕಿಡಿ. ಆಯ್ಕೆಯನ್ನು ಕೈಗೆ ಕೊಡುವ ದಿನವೇ ಆಟಗಾರನಿಗೆ ಎರಡು ವಿಷಯ ಹೇಳಿ: ಇದು ಬದಲಾಗಬಹುದು, ಬದಲಾದರೆ ನಿಮ್ಮ ಪಾತ್ರವನ್ನು ಮತ್ತೆ ಕಟ್ಟಿಕೊಳ್ಳಲು ಅವಕಾಶವಿದೆ.